ಕಲ್ಯಾಣಪ್ಪನ ಆವಿಗೆ

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಹಿರಿಯರು ಹೇಳಿದ್ದು ಕಲ್ಯಾಣಪ್ಪನಂಥವರನ್ನು ನೋಡಿಯೇ ಇರಬೇಕು. ದುಧನಿ ಸ್ಟೇಶನ್ನಿನಲ್ಲಿ ಇಳಿದು ಟಮಟಮ್ ಹಿಡಿದು ಹೋಗಬೇಕಾದ ಆ ಸಣ್ಣ ಊರಿನಲ್ಲಿ ಅವನಿಗೆ ಎರೆಹೊಲವಿತ್ತು, ಕೆರೆಯ ದಂಡೆಗೆ ಇನ್ನೊಂದು ತುಂಡು ಭೂಮಿಯಿತ್ತು, ಮನೆಯ ತುಂಬ ಬಿಳಿಜೋಳದ ಚೀಲಗಳಿದ್ದವು, ಮುಖದ ತುಂಬ ಮೀಸೆಯಿತ್ತು. ಇಷ್ಟೆಲ್ಲ ಕೊಟ್ಟ ದೇವರು ಬಾಯಿಗೊಂದು ಅಗಳಿ ಕೊಡುವುದನ್ನು ಮಾತ್ರ ಮರೆತಿದ್ದ.

ಹೋದ ಬೇಸಿಗೆಯಲ್ಲಿ ಅವನು ಸೊಲ್ಲಾಪುರದಿಂದ ಫ್ರಿಜ್ಜು ತಂದ. ಆಳೆತ್ತರದ್ದು, ಕೆಂಪು ಬಣ್ಣದ್ದು, ಬಾಗಿಲ ಮೇಲೆ ಹೂವಿನ ಚಿತ್ರವಿದ್ದದ್ದು. ತಂದವನು ಮನೆಯಲ್ಲಿ ಕೂತು ತಣ್ಣೀರು ಕುಡಿದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ಹನುಮಪ್ಪನ ಗುಡಿಯ ಕಟ್ಟೆಗೆ ಬಂದು, ಹತ್ತು ಮಂದಿಯ ಎದುರು, ಕುಂಬಾರ ಶಂಕರೆಪ್ಪನ ಕಡೆ ತಿರುಗಿ ಅಂದ: "ಇನ್ನ ನಮ್ಮ ಮನಿಗಿ ನಿನ್ನ ಗಡಿಗಿ ಬ್ಯಾಡಪಾ ಶಂಕರೆಪ್ಪಾ. ಮಣ್ಣಿನ ಗಡಿಗ್ಯಾಗ ನೀರ ಕುಡಿಯೋ ಕಾಲ ಮುಗೀತು."

ಶಂಕರೆಪ್ಪ ಕಡಿಮೆ ಮಾತಿನವನು. ಸಣ್ಣಂದಿನಿಂದ ಕಲ್ಯಾಣಪ್ಪನ ಗೆಳೆಯ. ಇಬ್ಬರೂ ಒಂದೇ ಮಾವಿನ ಮರದಿಂದ ಕದ್ದು, ಒಂದೇ ಕೋಲಿನಿಂದ ಪೆಟ್ಟು ತಿಂದವರು. ಅವನು ಅಂಗೈಯಲ್ಲಿ ತಂಬಾಕು ತಿಕ್ಕುತ್ತಿದ್ದ. ತಿಕ್ಕುವುದನ್ನು ನಿಲ್ಲಿಸದೆಯೇ ಹೇಳಿದ: "ಚಲೋ ಆತ್ ಬಿಡ್ರಿ ಸಾವ್ಕಾರ್ರ. ನಾಳಿ ನಿಮ್ಮ ಮಗಳು ಸಾರಿಕಾನ ಲಗ್ನಕ್ಕ ಐರಾಣಿ ಬೇಕಾದಾಗೂ ಫ್ರಿಜ್ಜಿನ್ಯಾಗ ಹುಡುಕ್ರಿ."

ಕಟ್ಟೆಯೆಲ್ಲ ನಕ್ಕಿತು. ಪೂಜಾರಿ ಆರತಿ ತಟ್ಟೆ ಕೆಳಗಿಟ್ಟು ನಕ್ಕ. ಕಲ್ಯಾಣಪ್ಪನ ಕಿವಿ ಕೆಂಪಾದವು. ಎದ್ದು ನಿಂತವನು, "ಇನ್ನ ನಿನ್ನ ಹೊಸ್ತಿಲಿಗಿ ನಾ ಬಂದ್ರ ಕೇಳು" ಅಂದು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟ.

ಐರಾಣಿ ಇಲ್ಲದ ಲಗ್ನ ಆ ಸೀಮೆಯಲ್ಲಿ ಲಗ್ನವೇ ಅಲ್ಲ. ಕುಂಬಾರರು ಹೊಸ ಗಡಿಗೆಗಳನ್ನು ಆವಿಗೆಯಲ್ಲಿ ಸುಟ್ಟು, ಸುಣ್ಣ ಕೆಮ್ಮಣ್ಣುಗಳಿಂದ ಚಿತ್ತಾರ ಬರೆದಿಡುತ್ತಾರೆ. ಹೆಣ್ಣಿನ ಕಡೆಯವರು ಬಾಜಾಬಜಂತ್ರಿಯೊಂದಿಗೆ ಹೋಗಿ, ಕುಂಬಾರಗಿತ್ತಿಗೆ ಉಡಿ ತುಂಬಿ, ಅವನ್ನು ಹೊತ್ತು ತರುತ್ತಾರೆ. ಆ ಗಡಿಗೆಗಳೇ ಐರಾಣಿ. ಅವು ಎದುರಿಗೆ ಬಂದ ಮೇಲೆಯೇ ಮದುಮಗಳಿಗೆ ಅರಿಶಿಣ. ಈ ಊರಲ್ಲಿ ಇನ್ನೂ ಒಂದು ಪದ್ಧತಿಯಿತ್ತು. ಐರಾಣಿಯ ಆವಿಗೆಗೆ ಮೊದಲ ಕುಳ್ಳು ಇಡಬೇಕಾದವನು ಹೆಣ್ಣಿನ ಅಪ್ಪ. ತನ್ನ ಕೊಟ್ಟಿಗೆಯ ಸಗಣಿಯಲ್ಲಿ ತಟ್ಟಿದ ಕುಳ್ಳು, ತನ್ನದೇ ಕೈಯಿಂದ. ಆಮೇಲೆಯೇ ಕುಂಬಾರ ಬೆಂಕಿ ಹಚ್ಚುವುದು.

ಸಂಕ್ರಾಂತಿಯ ಮುಂದೆ ಸಾರಿಕಾಳ ಲಗ್ನ ಗೊತ್ತಾಯಿತು. ಗಂಡು ಭಂಡಾರಕವಠೆಯ ಯೋಗಿರಾಜ, ಹೊಲಮನೆ ಇದ್ದವನು, ನಗುಮುಖದವನು. ಸಾರಿಕಾ ಅಕ್ಕಲಕೋಟೆಯ ಮರಾಠಿ ಸಾಲೆಯಲ್ಲಿ ಕಲಿಸುತ್ತಿದ್ದಳು. ಅವಳಿಗೆ ಕನ್ನಡ ಬರೆಯಲು ಬಾರದು, ಆದರೆ ಕನ್ನಡದಲ್ಲಿ ಹಟ ಮಾಡಲು ಚೆನ್ನಾಗಿ ಬರುತ್ತಿತ್ತು.

"ಅಪ್ಪಾ, ಶಂಕರ ಕಾಕಾನ ಐರಾಣಿ ಬರಲಿಲ್ಲಂದ್ರ ನಾ ಅರಿಶಿಣಕ್ಕ ಕೂಡಾಂಗಿಲ್ಲ ನೋಡು" ಅಂದಳು. "ಸಣ್ಣಾಕಿದ್ದಾಗ ಆಟದ ಗಡಿಗಿ ಯಾರ ಮಾಡಿ ಕೊಟ್ಟಾರ? ಮಣ್ಣಿನ ಎತ್ತು ಯಾರ ಕೊಟ್ಟಾರ? ನೀ ಹೋಗಿ ಮಾತಾಡು."

"ನೋಡೂಣು" ಅಂದ ಕಲ್ಯಾಣಪ್ಪ. ನೋಡೋಣ ಅಂದರೆ ಆಗುವುದಿಲ್ಲ ಎಂದು ಆ ಮನೆಯಲ್ಲಿ ಬೆಕ್ಕಿಗೂ ಗೊತ್ತಿತ್ತು.

ನಿಜ ಹೇಳಬೇಕೆಂದರೆ ಶಂಕರೆಪ್ಪನಿಲ್ಲದೆ ಅವನ ಸಂಜೆಗಳು ಬರಿದಾಗಿದ್ದವು. ಕುಂಬಾರನ ಅಂಗಳದಲ್ಲಿ ಕೂತು, ತಿಗರಿಯ ಚಕ್ರ ತಿರುಗುವುದನ್ನು ನೋಡುತ್ತ, ಎಲೆಯಡಿಕೆ ಹಾಕಿಕೊಂಡು ಊರವರನ್ನೆಲ್ಲ ಬೈಯುವ ಸುಖ ಬೇರೆಲ್ಲಿಯೂ ಸಿಗಲಿಲ್ಲ. ಫ್ರಿಜ್ಜಿನ ನೀರು ಬೇರೆ ಅವನ ಹಲ್ಲಿಗೆ ಆಗಿಬರಲಿಲ್ಲ. ಒಂದು ಗುಟುಕು ಕುಡಿದರೆ ದವಡೆ ಹಿಡಿದುಕೊಂಡು ಕೂಡಬೇಕು. ಇದನ್ನು ಅವನು ಹೆಂಡತಿಗೂ ಹೇಳಲಿಲ್ಲ. ಶಂಕರೆಪ್ಪ ಎಂದಿನಂತೆ ಕೆರೆ ದಂಡೆಯ ಆ ತುಂಡು ಭೂಮಿಯಿಂದಲೇ ಗಾಡಿಗೆ ಮಣ್ಣು ತುಂಬುವುದನ್ನು ಕಲ್ಯಾಣಪ್ಪ ಎಷ್ಟೋ ಸಲ ದೂರದಿಂದ ನೋಡಿದ್ದ. ಬೇಡ ಅನ್ನಲಿಲ್ಲ. ಮುಖ ತಿರುಗಿಸಿಕೊಂಡು ಬೇರೆ ದಾರಿ ಹಿಡಿದು ಮನೆಗೆ ಹೋಗುತ್ತಿದ್ದ.

ಚಳಿ ಕಳೆದು ಲಗ್ನ ಹತ್ತಿರ ಬಂತು. ಕಲ್ಯಾಣಪ್ಪ ಒಂದು ಬೆಳಿಗ್ಗೆ ಯಾರಿಗೂ ಹೇಳದೆ ರೈಲು ಹತ್ತಿ ಸೊಲ್ಲಾಪುರಕ್ಕೆ ಹೋದ. ಅಲ್ಲಿಯ ಕುಂಬಾರರ ಪೇಟೆ ಕುಂಭಾರ ವೇಸಿನಲ್ಲಿ ರಸ್ತೆಯುದ್ದಕ್ಕೂ ಗಡಿಗೆಗಳ ಸಾಲು. ಒಂದು ಅಂಗಡಿಯಲ್ಲಿ ದಪ್ಪ ಕನ್ನಡಕದ ಮುದುಕಿಯೊಬ್ಬಳು ಕೂತಿದ್ದಳು.

"ಐರಾಣಿ ಬೇಕಿತ್ತವ್ವಾ. ಏಕದಮ್ ಚಲೋವು."

"ಕೊಡೂಣು. ಯಾವೂರ್ರಿ ನಿಮ್ದು?"

ಕಲ್ಯಾಣಪ್ಪ ಊರಿನ ಹೆಸರು ಹೇಳಿದ. ಮುದುಕಿ ಕೈಯಲ್ಲಿದ್ದ ಗಡಿಗೆಯನ್ನು ತಿರುಗಿ ಸಾಲಿನಲ್ಲಿಟ್ಟಳು. "ಅದು ಶಂಕರೆಪ್ಪನ ಊರಲ್ಲೇನ್ರಿ? ನೀವು ಅವರ ಕಡಿ ಗಡಿಗಿ ಒಯ್ಯೋ ಒಕ್ಕಲು. ಒಬ್ಬ ಕುಂಬಾರನ ಒಕ್ಕಲಕ್ಕ ಇನ್ನೊಬ್ಬ ಐರಾಣಿ ಕೊಡಾಂಗಿಲ್ಲ. ನೀರಿನ ರಂಜಣಗಿ ಒಯ್ಯಿರಿ, ಪಣತಿ ಒಯ್ಯಿರಿ, ಬ್ಯಾಡ ಅನ್ನಾಂಗಿಲ್ಲ."

ಮುಂದಿನ ಅಂಗಡಿಯಲ್ಲಿ ಅವನು ಜಾಣನಾದ. ತನ್ನೂರು ಅಕ್ಕಲಕೋಟೆ ಅಂದ. ಅಂಗಡಿಯವನಿಗೆ ಬಹಳ ಸಂತೋಷವಾಯಿತು. "ಅರೆ, ಅಕ್ಕಲಕೋಟಿ ಕುಂಬಾರ್ರು ನಮ್ಮ ಬೀಗ್ರ. ನಿಮ್ಮ ಓಣಿ ಯಾವುದು ಹೇಳ್ರಿ, ಜರಾ ಫೋನ್ ಹಚ್ಚಿ ಕೇಳ್ತೀನಿ" ಎಂದು ಕಿಸೆಯಿಂದ ಮೊಬೈಲು ತೆಗೆದ. ಕಲ್ಯಾಣಪ್ಪ, "ಚಹಾ ಕುಡದ ಬರ್ತೀನಿ" ಅಂದವನು ಸೀದಾ ಸ್ಟೇಶನ್ನಿಗೆ ಬಂದು ಉಸಿರು ಬಿಟ್ಟ.

ರೈಲಿನ ಕಿಟಕಿಯಲ್ಲಿ ತನ್ನ ಸೀಮೆಯ ಕರಿನೆಲ ಕಂಡಾಗ ಅವನ ತಲೆಯಲ್ಲಿ ಒಂದು ವಿಚಾರ ಹೊಳೆಯಿತು. ಗಡಿಗೆ ಅಂದರೆ ಏನು? ಮಣ್ಣು. ಮಣ್ಣು ಯಾರದು? ನನ್ನದು. ಹಾಗಿದ್ದ ಮೇಲೆ ನಾನೇ ಯಾಕೆ ಮಾಡಬಾರದು?

ಕುರುಡ ಕಣ್ಣಿಗೆ ಕಾಡಿಗೆ ಹಚ್ಚಿಕೊಂಡಂತೆ ಶುರುವಾಯಿತು ಅವನ ಕುಂಬಾರಿಕೆ. ಸಾರಿಕಾಳ ಮೊಬೈಲಿನಲ್ಲಿ ಒಂದು ವಿಡಿಯೋ ನೋಡಿದ. ಹಿನ್ನೆಲೆಯಲ್ಲಿ ಕೊಳಲು ಊದುತ್ತಿತ್ತು, ಮಣ್ಣು ತಾನಾಗಿ ಮೇಲೇಳುತ್ತಿತ್ತು, ಕಣ್ಣು ಮುಚ್ಚಿ ತೆರೆಯುವುದರಲ್ಲಿ ಹಸಿ ಗಡಿಗೆ ಒಣ ಗಡಿಗೆಯಾಗುತ್ತಿತ್ತು. ಇಷ್ಟೇನಾ ಅನ್ನಿಸಿತು.

ಮಣ್ಣು ಆರಿಸುವಾಗ ಒಕ್ಕಲಿಗನ ಅಭಿಮಾನ ಅಡ್ಡ ಬಂತು. ಶಂಕರೆಪ್ಪ ಒಯ್ಯುತ್ತಿದ್ದದ್ದು ಕೆರೆ ದಂಡೆಯ ಜಿಗುಟು ಮಣ್ಣು, ಅದಕ್ಕೆ ಮರಳು ಬೂದಿ ಬೆರೆಸುತ್ತಿದ್ದ. ಛೆ, ಮಗಳ ಐರಾಣಿಗೆ ಅಂಥಾ ಕಲಬೆರಕೆಯೇ? ತನ್ನ ಒಳ್ಳೆಯ ಎರೆಹೊಲದ ಅಪ್ಪಟ ಕರಿಮಣ್ಣು ತಂದ. ಬೇಸಿಗೆಯಲ್ಲಿ ಅದೇ ಹೊಲ ಎಷ್ಟು ಬಾಯಿ ಬಿಡುತ್ತದೆಂದರೆ ಬಿರುಕಿನಲ್ಲಿ ಬಿದ್ದ ಕುಡುಗೋಲು ಮಳೆ ಬಂದ ಮೇಲೆಯೇ ಸಿಗುವುದು. ಜೀವಮಾನವೆಲ್ಲ ಆ ಬಿರುಕು ದಾಟಿ ನಡೆದವನಿಗೆ ಆ ದಿನ ಮಾತ್ರ ಅದು ನೆನಪಾಗಲಿಲ್ಲ.

ಹೊಲದ ಕೊಟ್ಟಿಗೆಯಲ್ಲಿ ಕದ ಮುಂದೆ ಮಾಡಿಕೊಂಡು ಮಣ್ಣು ತುಳಿದ. ತಿಗರಿ ಇರಲಿಲ್ಲ. ತಾಮ್ರದ ಕೊಡವನ್ನು ಬೋರಲು ಹಾಕಿ, ಮೇಲೆ ಬೂದಿ ಉದುರಿಸಿ, ರೊಟ್ಟಿ ಬಡಿದಂತೆ ಮಣ್ಣು ಬಡಿದು ಅರ್ಧರ್ಧ ಗಡಿಗೆ ಮಾಡಿ ಜೋಡಿಸಿದ. ಒಂದರ ಹೊಟ್ಟೆ ಎಡಕ್ಕೆ ಬಂತು, ಇನ್ನೊಂದರ ಬಾಯಿ ಬಲಕ್ಕೆ ಹೋಯಿತು. ಆದರೂ ಅವನ್ನು ನೋಡಿ ಅವನಿಗೆ ಎಷ್ಟು ಖುಷಿಯಾಯಿತೆಂದರೆ, ಸಾರಿಕಾ ಹುಟ್ಟಿದ ದಿನ ಮಾಡಿದ್ದಂತೆ ಒಬ್ಬನೇ ನಿಂತು ಮೀಸೆ ತಿರುವಿದ. ಮೀಸೆಗೂ ಮಣ್ಣು ಹತ್ತಿತು.

ಮನೆಗೆ ಬಂದಾಗ ಹೆಂಡತಿ ಸುಮಿತ್ರಾಬಾಯಿ ಅವನ ಮುಖ ನೋಡಿ ಸೆರಗು ಬಾಯಿಗೆ ಹಿಡಿದಳು. "ಎಲ್ಲಿಗಿ ಹೋಗಿದ್ರಿ?"

"ಬಾವಿ ಹೂಳ ತಗಸಾಕತ್ತೀನಿ."

"ಬಾವಿ ಹೂಳು ಮೀಸಿಗಿ ಹತ್ತತೈತೇನು" ಅಂದಳಷ್ಟೇ.

ಇನ್ನು ಒಣಗಿಸುವುದು. ಇದರಲ್ಲಿ ತನಗೆ ಯಾರೂ ಹೇಳಿಕೊಡುವುದು ಬೇಡ ಎಂದು ಕಲ್ಯಾಣಪ್ಪನಿಗೆ ಗಟ್ಟಿ ನಂಬಿಕೆ. ಜೋಳ ಒಣಗಿಸಿದವನು, ತೊಗರಿ ಒಣಗಿಸಿದವನು, ಮೆಣಸಿನಕಾಯಿ ಒಣಗಿಸಿದವನು. ಬಿಸಿಲಿಗೆ ಹಾಕಿ ಕೆಟ್ಟದ್ದು ಅವನ ಲೆಕ್ಕದಲ್ಲಿ ಒಂದೂ ಇರಲಿಲ್ಲ. ಕಣದ ನಡುವೆ, ಬೆಂಕಿಯಂಥ ಬಿಸಿಲಿಗೆ ಗಡಿಗೆಗಳನ್ನಿಟ್ಟ. ಮಧ್ಯಾಹ್ನದ ಹೊತ್ತಿಗೆ ಮೇಲ್ಮೈ ಬೆಳ್ಳಗಾಗಿ ಕೂದಲೆಳೆಯಂಥ ಸೀಳುಗಳು ಮೂಡಿದವು. ಹಸಿಮಣ್ಣು ಮೆತ್ತಿ ಸೀಳು ಮುಚ್ಚಿ ಮತ್ತೆ ಬಿಸಿಲಿಗೆ ಸರಿಸಿದ. ಬೆರಳಿನಿಂದ ಬಡಿದು ನೋಡಿ, ಆಯಿತು ಅಂದುಕೊಂಡ.

ಮರುದಿನ ಮುಂಜಾನೆ ಕಣದ ಮೂಲೆಯಲ್ಲಿ ಕುಳ್ಳು ಹಾಸಿ, ಗಡಿಗೆ ಇಟ್ಟು, ಸುತ್ತ ಮತ್ತೆ ಕುಳ್ಳು ಪೇರಿಸಿ, ಮೇಲೆ ಹುಲ್ಲು ಹೊದಿಸಿ ಬೆಂಕಿ ಹಚ್ಚಿದ. ಹೊಗೆ ಚಂದ ಎದ್ದಿತು. ಬೇವಿನ ಬುಡಕ್ಕೆ ಕೂತು ಎಲೆಗೆ ಸುಣ್ಣ ಹಚ್ಚುತ್ತಿದ್ದ. ಅಷ್ಟರಲ್ಲಿ "ಢಬ್" ಎಂದಿತು.

ಕೈಯಲ್ಲಿದ್ದ ಎಲೆ ಕೆಳಗೆ ಬಿತ್ತು. ಮತ್ತೆ "ಢಬ್". ಆಮೇಲೆ ಒಂದರ ಹಿಂದೊಂದು. ಕುಳ್ಳಿನ ಚೂರುಗಳು ಹಾರಿದವು, ಎತ್ತುಗಳು ಗೂಟ ಕಿತ್ತವು, ನಾಯಿ ಊರ ಕಡೆ ಓಡಿತು. ಸಾವ್ಕಾರರ ಮನೆಯಲ್ಲಿ ಲಗ್ನದ ಪಟಾಕಿ ಈಗಲೇ ಶುರುವಾಯಿತೆಂದು ಊರವರು ಮಾತಾಡಿಕೊಂಡರು.

ಊರಲ್ಲಿ ಒಬ್ಬ ಮಾತ್ರ ಅದು ಪಟಾಕಿಯಲ್ಲ ಎಂದು ತಿಳಿದ. ಆವಿಗೆ ಒಡೆಯುವ ಸಪ್ಪಳ ಕೇಳಿದರೆ ಕುಂಬಾರನಾದವನು ಉಣ್ಣುವ ತಾಟು ಬಿಟ್ಟು ಏಳುತ್ತಾನೆ. ಶಂಕರೆಪ್ಪ ಹೊಲದ ಬದುವಿನ ಮೇಲೆ ಓಡುತ್ತ ಬಂದಾಗ ಅವನ ಕೈಯಲ್ಲಿ ಇನ್ನೂ ಅರ್ಧ ರೊಟ್ಟಿ ಇತ್ತು. ಯಾರ ಹೊಲ, ಯಾರ ಜೊತೆ ಮಾತು ಬಿಟ್ಟಿದೆ ಎನ್ನುವುದನ್ನೆಲ್ಲ ಅವನು ಮರೆತೇ ಬಿಟ್ಟಿದ್ದ. ಕೋಲಿನಿಂದ ಬೆಂಕಿ ಕೆದರಿ ಒಂದು ಚೂರು ಹೊರಗೆಳೆದು, ಮುರಿದು ನೋಡಿದ.

"ಒಳಗ ಇನ್ನೂ ಹಸೀನ ಅದ. ಯಾರ ಒಣಗಿಸ್ಯಾರ ಇವನ್ನ?"

"ನಾನ" ಅಂದ ಕಲ್ಯಾಣಪ್ಪ, ನೆಲ ನೋಡುತ್ತ.

"ಎಲ್ಲಿ?"

"ಕಣದಾಗ. ಬಿಸಲಿಗಿ."

ಶಂಕರೆಪ್ಪ ಹಣೆ ಹಿಡಿದುಕೊಂಡು ಅಲ್ಲೇ ಕುಕ್ಕರಿಸಿದ. "ಬಿಸಲಿಗಿ? ಅವೇನ ಮೆಣಸಿನಕಾಯೇನ್ರಿ ಸಾವ್ಕಾರ್ರ? ಗಡಿಗಿ ನೆಳ್ಳಾಗ ಒಣಗಬೇಕು. ಸಾವಕಾಶ. ಕೂಸು ಮಲಗಿಸಿದಂಗ. ಬಿಸಲಿಗಿ ಇಟ್ರ ಮ್ಯಾಲಷ್ಟ ಒಣಗತಾವ, ಒಳಗಿನ ನೀರು ಬೆಂಕ್ಯಾಗ ಜಿಗೀತದ."

ಇಬ್ಬರೂ ಆ ಚೂರುಗಳನ್ನು ನೋಡಿದರು. ಡೊಂಕು ಬಾಯಿಯ ಒಂದು ತುಂಡು ಬೂದಿಯ ಮೇಲೆ ಕೂತು ಇಬ್ಬರನ್ನೂ ಅಣಕಿಸುವಂತಿತ್ತು. ಮೊದಲು ಶಂಕರೆಪ್ಪನ ಹೆಗಲು ಅಲುಗಿತು. ಆಮೇಲೆ ಕಲ್ಯಾಣಪ್ಪನಿಗೂ ತಡೆಯಲಾಗಲಿಲ್ಲ. ಇಬ್ಬರೂ ಬೇವಿನ ಬುಡದಲ್ಲಿ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕರು.

ನಗು ಇಳಿದ ಮೇಲೆ ಕಲ್ಯಾಣಪ್ಪ ಹೇಳಿದ: "ನಿನ್ನ ಕಡಿ ಬರಬೇಕಂತ ಭಾಳ ಸಲ ಅನಸ್ತು ಶಂಕರೆಪ್ಪಾ. ಕಾಲ ಏಳಲಿಲ್ಲ. ಕಟ್ಟಿ ಮ್ಯಾಲ ನಾ ಹಂಗ ಅನ್ನಬಾರದಾಗಿತ್ತು."

"ನಾನೂ ಅನ್ನಬಾರದಾಗಿತ್ತು. ಆದ್ರ ಕೆರಿ ದಂಡಿ ಮಣ್ಣಿಗಿ ನೀವು ಒಂದ ದಿನಾನೂ ಬ್ಯಾಡ ಅನ್ನಲಿಲ್ಲ. ಅವಾಗ ಗೊತ್ತಾತು, ಸಿಟ್ಟ ಬರೇ ಮೀಸ್ಯಾಗ ಅದ ಅಂತ."

ಕಲ್ಯಾಣಪ್ಪನ ಮುಖ ಅರಳಿತು, ಮತ್ತೆ ಬಾಡಿತು. "ಖರೇ. ಆದ್ರ ಲಗ್ನ ಮುಂದ ಬಂತಲ್ಲೋ. ನೀ ಹೊಸಾವು ಮಾಡಿ, ನೆಳ್ಳಾಗ ಒಣಗಿಸಿ, ಸುಟ್ಟು... ಆಗೂದಿಲ್ಲ. ನನ್ನ ಹಟಕ್ಕ ಹುಡುಗಿ ಐರಾಣಿ ಇಲ್ಲದ ಹೋಗ್ತಾಳ."

ಶಂಕರೆಪ್ಪ ಊರ ದಾರಿಯ ಕಡೆ ಬೆರಳು ಮಾಡಿದ. ಇಬ್ಬರು ಹೆಂಗಸರು ತಲೆಯ ಮೇಲೆ ಬುಟ್ಟಿ ಹೊತ್ತು ಬರುತ್ತಿದ್ದರು. ಮುಂದೆ ಶಂಕರೆಪ್ಪನ ಹೆಂಡತಿ ಗುರಮ್ಮ, ಹಿಂದೆ ಸುಮಿತ್ರಾಬಾಯಿ. ಗಂಡಂದಿರು ಮಾತು ಬಿಟ್ಟ ಈ ಒಂದು ವರ್ಷದಲ್ಲಿ ಇವರಿಬ್ಬರೂ ಹಿಟ್ಟಿನ ಗಿರಣಿಯಲ್ಲಿ ದಿನಾ ಕೂಡಿ ಮಾತಾಡಿದ್ದರು, ಎರಡು ಮನೆಯ ಮಾತನ್ನೂ ಸೇರಿಸಿ.

ಬುಟ್ಟಿ ಇಳಿಸಿದರು. ಒಳಗೆ ಹುಲ್ಲಿನ ಮೇಲೆ ಐರಾಣಿ ಗಡಿಗೆಗಳು. ದುಂಡಗೆ, ಬೂದು ಬಣ್ಣದವು, ಚೆನ್ನಾಗಿ ಒಣಗಿದವು, ಇನ್ನೂ ಸುಡದವು.

"ಲಗ್ನ ಗೊತ್ತಾದ ಮರುದಿನಾನ ಮಾಡಿಟ್ಟಾರಣ್ಣಾ" ಅಂದಳು ಗುರಮ್ಮ. "ನನ್ನ ಹೊರಸಿನ ಬುಡಕ ನೆಳ್ಳಾಗ ಇಟ್ಟಾರ. ಅವತ್ತಿನಿಂದ ಹೊರಸಿನ ಬುಡಕ ಕಸಾ ಹೊಡದಿಲ್ಲ ನಾನು. ಸುಡು ಅಂದ್ರ, ಸಾವ್ಕಾರ್ರ ಕುಳ್ಳು ಬರಲಿ ಅಂತಾರ."

ಕಲ್ಯಾಣಪ್ಪ ಹೆಂಡತಿಯ ಕಡೆ ನೋಡಿದ. "ನಿನಗ ಗೊತ್ತಿತ್ತೇನ?"

"ಗೊತ್ತಿತ್ತು. ಹೇಳಿದ್ರ ನೀವು ಇನ್ನಾ ಬಿಗೀತಿದ್ರಿ. ಬಾವಿ ಹೂಳು ಮುಗೀಲಿ ಅಂತ ಸುಮ್ಮಕಿದ್ದೆ. ಇವತ್ತ ಢಬ್ ಅಂದಕೂಡ್ಲೆ ಹೊತಗೊಂಡ ಬಂದ್ವಿ."

ಅವನು ಸಿಟ್ಟು ಹೊತ್ತುಕೊಂಡು ತಿರುಗುತ್ತಿದ್ದ ಅಷ್ಟೂ ದಿನ ಆ ಗಡಿಗೆಗಳು ಗೆಳೆಯನ ಮನೆಯ ನೆರಳಿನಲ್ಲಿ ಅವನ ದಾರಿ ನೋಡುತ್ತ ಕೂತಿದ್ದವು. ಕಲ್ಯಾಣಪ್ಪ ಕಣ್ಣೊರೆಸಿಕೊಂಡು, "ಹೊಗಿ ಭಾಳ ಅದ ಇಲ್ಲಿ" ಅಂದ. ಅವನ ಬೆಂಕಿ ಆರಿ ಆಗಲೇ ಹೊತ್ತಾಗಿತ್ತು.

ಶಂಕರೆಪ್ಪ ಅದೇ ಕಣದಲ್ಲಿ ಚೂರುಗಳನ್ನು ಬಳಿದು ಹೊಸ ಆವಿಗೆ ಒಟ್ಟಿದ. ಯಾವ ಗಡಿಗೆಯ ಬಾಯಿ ಎತ್ತ, ಎಲ್ಲಿ ಹೊಟ್ಟು, ಎಲ್ಲಿ ಹುಲ್ಲು ಎಂದು ಹೇಳುತ್ತ ಹೋದ. ಕಲ್ಯಾಣಪ್ಪ ಜೀವನದಲ್ಲಿ ಮೊದಲ ಸಲ ಎದುರು ಮಾತಾಡದೆ ಹೇಳಿದಷ್ಟು ಮಾಡಿದ. ಮೊದಲ ಕುಳ್ಳನ್ನು ತನ್ನ ಕೈಯಿಂದಲೇ ಇಟ್ಟ. ಮೇಲೆ ಮಣ್ಣು ಮೆತ್ತಿ ಬೆಂಕಿ ಕೊಟ್ಟರು. ಆವಿಗೆ ಸದ್ದಿಲ್ಲದೆ ಉರಿಯಿತು. ಒಂದೂ ಢಬ್ ಅನ್ನಲಿಲ್ಲ.

ಮರುದಿನ ಆರಿದ ಮೇಲೆ ಬೂದಿ ಸರಿಸಿದರು. ಕೆಂಪಗೆ ಬೆಂದ ಗಡಿಗೆಗಳು ಒಂದೊಂದಾಗಿ ಹೊರಬಂದವು. ಶಂಕರೆಪ್ಪ ಒಂದನ್ನು ಎತ್ತಿ ಬೆರಳ ಗೆಣ್ಣಿನಿಂದ ಬಡಿದ. ಗಂಟೆಯಂತೆ ಠಣ್ ಎಂದಿತು. ಕಲ್ಯಾಣಪ್ಪ ತಾನೂ ಬಡಿದು ನೋಡಿದ, ಇನ್ನೊಂದು ಸಲ ಬಡಿದ, ಆಮೇಲೆ ದಾರಿಯಲ್ಲಿ ಹೋಗುವವರನ್ನೆಲ್ಲ ಕರೆದು ಬಡಿಸಿದ. ಶಂಕರೆಪ್ಪ ಕೊನೆಗೆ ಕಸಿದುಕೊಂಡು ಚಿತ್ತಾರಕ್ಕೆ ಮನೆಗೆ ಒಯ್ದ.

ಐರಾಣಿ ತರುವ ಸಂಜೆ ಹಲಗೆ, ಸನಾದಿ, ಹೆಂಗಸರ ಹಾಡು. ಊರೆಲ್ಲ ಕುಂಬಾರನ ಮನೆ ಮುಂದೆ ನೆರೆದಿತ್ತು. ಹಾಡು ಕೇಳುವುದಕ್ಕಲ್ಲ, ಕಲ್ಯಾಣಪ್ಪ ಆ ಹೊಸ್ತಿಲು ದಾಟುತ್ತಾನೋ ಇಲ್ಲವೋ ನೋಡುವುದಕ್ಕೆ. ಅವನು ಚಪ್ಪಲಿ ಬಿಟ್ಟ, ಗಿಡ್ಡ ಬಾಗಿಲಿಗೆ ತಲೆ ಬಗ್ಗಿಸಿದ, ಒಳಗೆ ಹೋಗಿ ತಿಗರಿಯ ಪಕ್ಕದ ತನ್ನ ಹಳೆಯ ಜಾಗದಲ್ಲಿ ಕೂತು, "ಗುರಮ್ಮಾ, ಜರಾ ನೀರ ಕೊಡವಾ" ಅಂದ. ಗಡಿಗೆಯ ನೀರು. ಒಂದು ತಂಬಿಗೆ ಕುಡಿದು ಇನ್ನೊಂದು ಕೇಳಿದ. ಹಲ್ಲು ನೋಯಲಿಲ್ಲ.

ಗುರಮ್ಮನ ಉಡಿ ತುಂಬಿ, ಸೀರೆ ಕೊಟ್ಟು, ಐರಾಣಿಯನ್ನು ಮನೆಗೆ ತಂದು ದೇವರ ಕೋಣೆಯಲ್ಲಿಟ್ಟರು. ಬಿಳಿ ಸುಣ್ಣದ ಮೇಲೆ ಕೆಂಪು ಬಳ್ಳಿ, ಬಳ್ಳಿಯಲ್ಲಿ ಗಿಳಿ. ಮನೆಯ ತುಂಬ ಲಗ್ನಕ್ಕೆ ಬಂದ ಸೊಲ್ಲಾಪುರದ ಪಾವ್ಣೇರು, ಅವರ ಮಕ್ಕಳು, ಮಕ್ಕಳ ಕೈಯಲ್ಲಿ ಬ್ಯಾಟು. ಚೆಂಡು ಒಂದು ಸಲ ದೇವರ ಕೋಣೆಯ ಬಾಗಿಲಿಗೆ ಬಡಿದಾಗ ಕಲ್ಯಾಣಪ್ಪನ ಜೀವ ಬಾಯಿಗೆ ಬಂತು.

ಬೆಳಿಗ್ಗೆ ಸಾರಿಕಾ ಹಳದಿ ಸೀರೆಯುಟ್ಟು ಅರಿಶಿಣದ ಮಣೆಯ ಮೇಲೆ ಕೂತಳು. ಹೊಸ ರುಮಾಲು ಸುತ್ತಿಕೊಂಡು ಶಂಕರೆಪ್ಪ ಬಂದ. ಸುಮಿತ್ರಾಬಾಯಿ ಐರಾಣಿ ತರಲು ದೇವರ ಕೋಣೆಗೆ ಹೋದವಳು ಬಿಳಿಚಿಕೊಂಡು ಹೊರಗೆ ಬಂದಳು. ಕೋಣೆ ಖಾಲಿ. ಹಾಡು ನಿಂತಿತು. ಹೆಂಗಸರು ಮಂಚದ ಕೆಳಗೆ ಬಗ್ಗಿ ನೋಡಿದರು, ಜೋಳದ ಚೀಲಗಳ ಹಿಂದೆ ನೋಡಿದರು. ಸಾರಿಕಾ ಮಣೆಯಿಂದ ಅರ್ಧ ಎದ್ದಳು.

"ಐರಾಣಿ ಎಲ್ಲಿ ಅದಾವ್ರಿ ಸಾವ್ಕಾರ್ರ?" ಶಂಕರೆಪ್ಪ ಕೇಳಿದ.

ಕಲ್ಯಾಣಪ್ಪ ಕಂಬಕ್ಕೆ ಒರಗಿ, ಎಲೆಗೆ ಸುಣ್ಣ ಹಚ್ಚುತ್ತ ನಿಂತಿದ್ದ. ಹಚ್ಚುವುದನ್ನು ನಿಲ್ಲಿಸದೆಯೇ ಹೇಳಿದ: "ಹೋದ ವರ್ಷ ನೀನ ಹೇಳಿದ್ದಿಯಲ್ಲಪಾ ಶಂಕರೆಪ್ಪಾ. ಫ್ರಿಜ್ಜಿನ್ಯಾಗ ಹುಡುಕು."

ಶಂಕರೆಪ್ಪ ಅವನ ಮುಖವನ್ನೊಮ್ಮೆ ನೋಡಿ, ಹೋಗಿ ಕೆಂಪು ಬಾಗಿಲು ಎಳೆದ. ವೈರು ಕಿತ್ತಿತ್ತು, ಒಳಗಿನ ಹಲಗೆಗಳನ್ನೆಲ್ಲ ತೆಗೆದಿತ್ತು. ಜೋಳದ ಕಣಿಕೆಯ ಹಾಸಿನ ಮೇಲೆ, ಮಕ್ಕಳ ಚೆಂಡಿಗೂ ಬೆಕ್ಕಿಗೂ ಸಿಗದಂತೆ, ಐರಾಣಿ ಗಡಿಗೆಗಳು ಒಂದರ ಮೇಲೊಂದು ಕೂತಿದ್ದವು. ಹೊರಗೆ ಬೇವಿನ ಕೆಳಗೆ ಶಂಕರೆಪ್ಪನದೇ ಹೊಸ ರಂಜಣಗಿಯಿಂದ ಪಾವ್ಣೇರು ನೀರು ಕುಡಿಯುತ್ತಿದ್ದರು.

ಹೋದ ಬೇಸಿಗೆಯಲ್ಲಿ ಕಟ್ಟೆಯ ಮೇಲೆ ನಕ್ಕವರೆಲ್ಲ ಆ ಮನೆಯಲ್ಲಿ ನೆರೆದಿದ್ದರು, ಪೂಜಾರಿಯೂ ಇದ್ದ. ಅವರೆಲ್ಲ ಮತ್ತೆ ನಕ್ಕರು. ಆದರೆ ಈ ಸಲ ಎಲ್ಲರಿಗಿಂತ ಮೊದಲು ನಕ್ಕವನು ಕಲ್ಯಾಣಪ್ಪ.